ಲಿಫ್ಟಿನಿಂದ ಇಳಿಸುವ ವಿದ್ಯೆ

ಇನ್ನೊಬ್ಬರ ಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬ ವಿಷಯದಲ್ಲಿ ನನಗಿರುವಷ್ಟು ಸ್ಪಷ್ಟತೆ ನನ್ನ ಕನ್ನಡಕ ಎಲ್ಲಿದೆ ಎಂಬುದರಲ್ಲೂ ಇಲ್ಲ. ಸ್ವಂತ ಮಗನನ್ನು ಬೆಳೆಸುವ ಕೆಲಸವನ್ನು ಹೆಂಡತಿಯೇ ಮಾಡಿ ಮುಗಿಸಿದ್ದರಿಂದ ನನ್ನ ಅಭಿಪ್ರಾಯಗಳು ಬಳಕೆಯಾಗದೆ ಹೊಸದರಂತೆಯೇ ಉಳಿದಿವೆ. ಜೊತೆಗೆ ಚಿಂತೆ ಮಾಡುವ ಅಭ್ಯಾಸ ಬೇರೆ. ಇಪ್ಪತ್ತೈದು ವರ್ಷದಿಂದ ಇನ್ಶೂರೆನ್ಸ್ ಕಚೇರಿಯಲ್ಲಿ ಕುಳಿತಿರುವವನು ನಾನು. ಸೀಲಿಂಗ್ ಫ್ಯಾನ್ ಕಂಡರೆ ಗಾಳಿಗಿಂತ ಮೊದಲು ಅದು ಬೀಳುವ ಸಾಧ್ಯತೆಯೇ ಹೊಳೆಯುತ್ತದೆ.

ನನ್ನ ತಂಗಿ ಪದ್ದು, ಚೆನ್ನೈನ ಕ್ರೋಂಪೇಟೆಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲೇ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಮಗಳು ನಂದಿನಿಗೆ ಹನ್ನೆರಡು ವರ್ಷ, ಆಟಿಸಂ ಇದೆ. ಮನೆಯ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಆಡುವ ನಾಲ್ಕು ಮಾತು ಮಾತ್ರ ತಮಿಳು. ಲಿಫ್ಟ್ ಎಂದರೆ ಪ್ರಾಣ. ಸಂಜೆ ಅದರೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತಳೆಂದರೆ, "ಇನ್ನೊರು ವಾಟ್ಟಿ", ಇನ್ನೊಂದು ಸಲ, ಇನ್ನೊಂದು ಸಲ ಎಂದು ಮೇಲೆ ಕೆಳಗೆ ಸವಾರಿ. ಕೈ ಹಿಡಿದರೆ ಕಿರುಚಾಟ. ಐದನೇ ಮಹಡಿಯ ಮೊಣಕಾಲು ನೋವಿನವರು ಕೆಳಗೆ ತರಕಾರಿ ಚೀಲ ಹಿಡಿದು ಸಾಲುಗಟ್ಟುತ್ತಿದ್ದರು. ಒಂದು ದಿನ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಸುಂದರೇಶನ್ ನನ್ನನ್ನು ತಡೆದು, "ಸಾರ್, ಲಿಫ್ಟ್ ಎಲ್ಲಾರುಕ್ಕುಂ ಪೊದು. ಪಾವಂ ಕುಳಂದೈ, ಆನಾ..." ಎಂದು ನಿಲ್ಲಿಸಿದರು. ಲಿಫ್ಟ್ ಎಲ್ಲರದು, ಪಾಪ ಮಗು, ಆದರೆ... ಆ 'ಆದರೆ'ಯ ಮುಂದಿನ ಭಾಗವನ್ನು ಮನೆ ಮಾಲೀಕರು ಪದ್ದುವಿಗೆ ಫೋನಿನಲ್ಲಿ ಪೂರ್ತಿ ಮಾಡಿದರು: ಎರಡು ತಿಂಗಳು ನೋಡೋಣ, ಸರಿಹೋಗದಿದ್ದರೆ ಬೇರೆ ಮನೆ ಹುಡುಕಿಕೊಳ್ಳಿ.

ನಂದಿನಿಯ ಶಾಲೆಯ ಕಲೈವಾಣಿ ಮೇಡಂ, ಹೆತ್ತವರಿಗೂ ಮಕ್ಕಳನ್ನು ನೋಡಿಕೊಳ್ಳುವವರಿಗೂ ಒಂದು ತರಬೇತಿ ಕೊಡುತ್ತೇನೆ, ಹಾಲ್ ಮತ್ತು ಇಪ್ಪತ್ತು ಜನ ನಿಮ್ಮ ಜವಾಬ್ದಾರಿ ಎಂದರು. ಪುರಸೈವಾಕ್ಕಂನಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ನಾನು ಜಂಟಿ ಕಾರ್ಯದರ್ಶಿ. ವಾಟ್ಸಾಪ್ ಗುಂಪಿನಲ್ಲಿ 'ಮಕ್ಕಳ ವರ್ತನೆ ನಿರ್ವಹಣೆ' ಎಂದು ಪ್ರಕಟಿಸಿದೆ. "ಒಳ್ಳೇ ಕೆಲಸ ಸಾರ್, ನಮ್ಮ ಪಕ್ಕದ ಮನೆಯವರಿಗೆ ತುಂಬಾ ಬೇಕು" ಎಂದು ಹದಿನೇಳು ಉತ್ತರ ಬಂದವು. ನಮ್ಮವರ ಮಕ್ಕಳೆಲ್ಲ ಚಿನ್ನದಂಥವರು, ತೊಂದರೆಯೆಲ್ಲ ಗೋಡೆಯ ಆಚೆಗೆ. ಯಾರೂ ಬರದಿದ್ದರೆ ಏನು ಗತಿ ಎಂದು ಮೂರು ದಿನ ಹೆಂಡತಿಯ ತಲೆ ತಿಂದೆ. "ಊಟ ಇದೆ ಅಂತ ಹಾಕಿ ನೋಡಿ" ಎಂದಳು. ಬಿಸಿಬೇಳೆಬಾತ್ ಎಂದು ಸೇರಿಸಿದೆ. ನಲವತ್ತು ಹೆಸರು ಬಂದವು. ಅದರಲ್ಲಿ ಅರ್ಧ ಅಜ್ಜಿಯರು. "ಸೊಸೆಯಂದಿರ ವರ್ತನೇನೂ ಸರಿ ಮಾಡ್ತಾರೇನಪ್ಪಾ?" ಎಂದು ಸೀತಮ್ಮನವರು ಫೋನ್ ಮಾಡಿಯೇ ಕೇಳಿದರು.

ಭಾನುವಾರ ಮೇಡಂ ಹತ್ತಕ್ಕೇ ಬಂದರು. ಆದರೆ ಪ್ರಾರ್ಥನೆ, ದೀಪ, ಶಾಲು, ಹಾರ ಇಲ್ಲದೆ ನಮ್ಮ ಸಂಘದಲ್ಲಿ ಬಲ್ಬು ಕೂಡ ಬದಲಾಯಿಸುವುದಿಲ್ಲ. ರೈಲ್ವೆಯಿಂದ ನಿವೃತ್ತರಾದ ಅಧ್ಯಕ್ಷ ವೆಂಕೋಬರಾಯರು ಎರಡು ಮಾತು ಎಂದು ಶುರು ಮಾಡಿದವರು ಯಾವ ನಿಲ್ದಾಣದಲ್ಲೂ ನಿಲ್ಲಲಿಲ್ಲ. ಹನ್ನೆರಡಕ್ಕೆ ಮೇಡಂ ಹೊರಡಬೇಕು, ಹನ್ನೊಂದೂಕಾಲಾಯಿತು. ಪದ್ದು ಮಡಿಲಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ನಾನು ಧೈರ್ಯ ಮಾಡಿ ಅಧ್ಯಕ್ಷರ ಕೊರಳಿಗೂ ಒಂದು ಹಾರ ಹಾಕಿ ಚಪ್ಪಾಳೆ ತಟ್ಟಿಬಿಟ್ಟೆ. ಕೂತರು.

ಮೇಡಂ ಹೇಳಿದ್ದು ಸರಳ. ಮಗು ಹಟ ಮಾಡುವ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು, ಮೂರನ್ನೂ ಬರೆಯಿರಿ. ಎರಡು ವಾರದ ಹಿಂದೆಯೇ ಪದ್ದುವಿಗೆ ಅದನ್ನೇ ಬರೆಯಲು ಹೇಳಿದ್ದರಂತೆ. ಎದ್ದು ನಿಂತು ಓದಿದಳು: "ಸೋಮವಾರ. ಮುಂಚೆ, ಅಣ್ಣ ಆಫೀಸಿಂದ ಬರೋ ಹೊತ್ತು. ನಂದಿನಿ ಲಿಫ್ಟಲ್ಲಿ ಕೂತಳು. ಆಮೇಲೆ, ಇಳೀಲಿ ಅಂತ ಅಣ್ಣ ಕಡಲೆಮಿಠಾಯಿ ಕೊಟ್ಟ. ಮಂಗಳವಾರ, ಅದೇ. ಬುಧವಾರ ಜಾಸ್ತಿ ಕಿರುಚಿದಳು, ಅಣ್ಣ ಎರಡು ಕೊಟ್ಟ."

ಹೇಳಿಬಿಡುತ್ತೇನೆ. ಇಡೀ ಅಪಾರ್ಟ್‌ಮೆಂಟಿನಲ್ಲಿ ಆ ಹುಡುಗಿಯನ್ನು ಇಳಿಸಲು ಬರುವುದು ನನಗೊಬ್ಬನಿಗೇ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಮೇಡಂ ತಮಿಳಿನಲ್ಲಿ ಬಹಳ ಮೃದುವಾಗಿ ಹೇಳಿದರು: "ಸಾರ್, ನೀವು ಅವಳನ್ನು ಇಳಿಸುತ್ತಿಲ್ಲ. ಹತ್ತುವುದಕ್ಕೆ ಸಂಬಳ ಕೊಡುತ್ತಿದ್ದೀರಿ."

ಸಭೆ ಗೊಳ್ಳೆಂದಿತು. ನಕ್ಕ ಮೇಲೆ ಸೀತಮ್ಮನವರು ಸೆರಗು ಸರಿಪಡಿಸಿಕೊಂಡು, "ನಮ್ಮ ಮೊಮ್ಮಗ ಊಟಕ್ಕೆ ಹಟ ಮಾಡಿದ್ರೆ ಮೊಬೈಲು ಕೊಡೋಳು ನಾನೇ ಕಣಮ್ಮಾ, ಸೊಸೆಯಲ್ಲ" ಎಂದರು. ಅಲ್ಲಿಂದ ಒಬ್ಬೊಬ್ಬರ ಮನೆಯ ಗೋಡೆಯೂ ಕರಗತೊಡಗಿತು. ಮೇಡಂ ಹನ್ನೆರಡಕ್ಕೆ ಹೊರಡಲಿಲ್ಲ. ಬಿಸಿಬೇಳೆಬಾತ್ ತಣ್ಣಗಾಯಿತು, ಯಾರೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಹೊಸ ಪದ್ಧತಿ. ನಂದಿನಿಯ ಕೈಗೆ ಮೂರು ಚೀಟಿ. ಒಂದು ಸವಾರಿಗೆ ಒಂದು. ಮೂರು ಮುಗಿದು ತಾನಾಗಿ ಇಳಿದರೆ ಹೊಗಳಿಕೆ ಮತ್ತು ಮಿಠಾಯಿ, ಕಿರುಚಿದರೆ ಏನೂ ಇಲ್ಲ. ಮೊದಲ ಕೆಲವು ದಿನ ಹೆಚ್ಚೇ ಆಗುತ್ತದೆ ಎಂದು ಮೇಡಂ ಎಚ್ಚರಿಸಿದ್ದರು, ಆಯಿತು. ನಾನು ಮೆಟ್ಟಿಲ ಮೇಲೆ ಕುಳಿತು ನನ್ನ ಕೈಗಳನ್ನು ನಾನೇ ಹಿಡಿದುಕೊಂಡಿದ್ದೆ. ಒಂಬತ್ತನೇ ದಿನ ಅವಳು ಮೂರನೇ ಚೀಟಿಯನ್ನು ಹೊರಗೆ ನಿಂತಿದ್ದ ಸುಂದರೇಶನ್ ಕೈಗೆ ಕೊಟ್ಟು, "ಮುಡಿಂಜದು" ಎಂದಳು. ಮುಗಿಯಿತು ಎಂದು ಹೇಳಿ ನೆಟ್ಟಗೆ ಮನೆಗೆ ನಡೆದಳು. ಆತ ಚೀಟಿ ಹಿಡಿದುಕೊಂಡೇ "ಸೂಪರ್ ಮಾ, ಸೂಪರ್!" ಎಂದು ಚಪ್ಪಾಳೆ ತಟ್ಟಿದರು. ಎರಡು ತಿಂಗಳು ಕಳೆದಿದೆ. ಮಾಲೀಕರ ಫೋನ್ ಬಂದಿಲ್ಲ.

ಈಗ ಸಂಘದವರು ಇನ್ನೊಂದು ತರಬೇತಿ ಇಡಿ ಎನ್ನುತ್ತಿದ್ದಾರೆ. ಯಾರೂ ಬರದಿದ್ದರೆ ಎಂದು ಪದ್ದುವನ್ನು ಕೇಳಿದೆ. ಮತ್ತೆ ಕೇಳಿದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ಇದ್ದಳು. ಮೊನ್ನೆ ಅವಳ ನೋಟ್‌ಬುಕ್ ತೆರೆದಾಗ ನನ್ನದೇ ಒಂದು ಪುಟ ಕಂಡಿತು: 'ಮುಂಚೆ, ತರಬೇತಿ ಮಾತು. ಅಣ್ಣ ಒಂಬತ್ತು ಸಲ ಚಿಂತೆ ಮಾಡಿದ. ಆಮೇಲೆ, ಏನೂ ಕೊಡಲಿಲ್ಲ.' ಅದರ ಕೆಳಗೆ, ಮರುದಿನದ ಸಾಲಿನಲ್ಲಿ ಆರು ಸಲ. ನಿನ್ನೆ ಎರಡೇ ಸಲ ಕೇಳಿದೆ. ಪದ್ದು ನೊರೆ ಕಾಫಿ ತಂದಿಟ್ಟು, "ಭೇಷ್ ಅಣ್ಣಾ" ಎಂದಳು. ಕುಡಿಯುತ್ತ, ನಾಳೆಯಿಂದ ಒಂದೇ ಸಲ ಕೇಳುವುದೆಂದು ತೀರ್ಮಾನಿಸಿದೆ. ತೀರ್ಮಾನಿಸಿದ್ದು ನಾನೇ ಎಂದು ಈಗಲೂ ನಂಬಿದ್ದೇನೆ.