ಕ್ಷಯದ ಪ್ರೋಟೀನೂ ನನ್ನ ಬಲಗೈಯೂ

ಭದ್ರಾವತಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿರುವವನಿಗೆ ಕ್ಷಯದ ಪರೀಕ್ಷೆ ಯಾವ ಲೆಕ್ಕ! ನಮ್ಮ ಹಿಂದಿ ಮೇಷ್ಟ್ರಿಗೆ ಕ್ಷಯ ಬಂದು, ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಕೂರುತ್ತಿದ್ದ ನನ್ನನ್ನೂ ಆಸ್ಪತ್ರೆಗೆ ಕರೆದಿದ್ದರು. ಶಿವಮೊಗ್ಗದ ಗೋಪಾಳದಲ್ಲಿ, ಸೊಸೆಯ ತವರಿನಲ್ಲಿ, ನನಗೆ ಮೊಮ್ಮಗಳು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಪರೀಕ್ಷೆಯಲ್ಲಿ ಪಾಸಾಗದೆ ಮಗುವನ್ನು ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಘೋಷಿಸಿಯೇ ಹೊರಟೆ.

ಸಿಸ್ಟರ್ ಸೂಜಿ ತೆಗೆಯುತ್ತಿದ್ದಂತೆ ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು.

"ನೋಡಮ್ಮ, ನಮ್ಮ ಮೈಯ ಕಾವಲು ಜೀವಕೋಶ ಈ ಬ್ಯಾಕ್ಟೀರಿಯಾನ ನುಂಗುತ್ತೆ. ಆದ್ರೆ ಅದು ಸಾಯಲ್ಲ. ಒಳಗಿಂದ್ಲೇ ಪ್ರೋಟೀನು ಬಿಟ್ಟು, ಸುತ್ತಲಿನ ಪೊರೆ ತೂತು ಮಾಡಿ, ಅಲ್ಲೇ ಬಿಡಾರ ಹೂಡುತ್ತೆ."

ಆಕೆ ಚುಚ್ಚಲಿರುವುದೂ ಅದೇ ಪ್ರೋಟೀನು, ಮೈಗೆ ಅದರ ಪರಿಚಯ ಮೊದಲೇ ಇದ್ದರೆ ಚುಚ್ಚಿದ ಜಾಗ ಉಬ್ಬುತ್ತದೆ ಎಂದೂ ವಿವರಿಸಿದೆ. ದಿನವೂ ಇದೇ ಕೆಲಸ ಮಾಡುವ ಆಕೆ ಪಾಪ, ಹೌದಾ ಸರ್ ಎಂದು ಕೇಳಿಸಿಕೊಂಡು, ಎರಡು ದಿನ ಬಿಟ್ಟು ಬರಲು ಹೇಳಿದರು. ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಮಾತು ಅಷ್ಟು ಜೋರಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಬಲಗೈ ಕೆಂಪಗೆ ಉಬ್ಬಿದೆ! ಸೋಂಕಿದ್ದ ಮಾತ್ರಕ್ಕೆ ಕಾಯಿಲೆಯಲ್ಲ, ತಟ್ಟೆ ಲೋಟದಿಂದ ಕ್ಷಯ ಹರಡುವುದಿಲ್ಲ ಎಂದು ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಬರೆಸುವವನು ನಾನೇ. ಆದರೂ ಹಿಂದಿನ ಕೋಣೆ ಸೇರಿದೆ. ತಟ್ಟೆ ಲೋಟ ಬೇರೆ ಮಾಡಿಕೊಂಡೆ. ಗಂಟೆಗೊಮ್ಮೆ ಸ್ಕೇಲಿಟ್ಟು ಉಬ್ಬು ಅಳೆದೆ. ಫೋನಿನಲ್ಲಿ ಮಗುವಿನ ಫೋಟೊ ನೋಡಿ ಅತ್ತೂಬಿಟ್ಟೆ.

ಸೊಳ್ಳೆ ಕಚ್ಚಿರಬೇಕು ಎಂದಳು ಹೆಂಡತಿ. ವಿಜ್ಞಾನ ಓದದವರು ಸುಮ್ಮನಿರಬೇಕು ಎಂದೆ.

ಹೇಳಿದ ದಿನ ಆಸ್ಪತ್ರೆಗೆ ಹೋಗಿ, ಶರ್ಟಿನ ತೋಳು ಮಡಚಿ, ಬಲಗೈ ಚಾಚಿ ಕಣ್ಣು ಮುಚ್ಚಿಕೊಂಡೆ.

"ಸರ್, ನಾನು ಚುಚ್ಚಿದ್ದು ಎಡಗೈಗೆ," ಎಂದರು ಸಿಸ್ಟರ್.

ಎಡಗೈಯನ್ನು ಒತ್ತಿ ಒತ್ತಿ ನೋಡಿದರು. ಉಬ್ಬೂ ಇಲ್ಲ, ಗಟ್ಟಿಯೂ ಇಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದೆ.

"ಧಾರಾಳವಾಗಿ ಎತ್ಕೊಳ್ಳಿ ಸರ್."

ಹೋದ ಜೀವ ಬಂದಂತಾಯಿತು. ಹೆಂಡತಿಯೊಡನೆ ಸಿಕ್ಕಿದ ಬಸ್ಸು ಹತ್ತಿ ಗೋಪಾಳ ಸೇರಿದೆ. ಬೀಗರ ಮನೆಯಲ್ಲಿ ಕೈಕಾಲು ತೊಳೆದು ಮೊಮ್ಮಗಳನ್ನು ಎದೆಗೆ ಒತ್ತಿಕೊಂಡೆ. ಆ ಗಳಿಗೆಯಲ್ಲಿ ನನಗೆ ಇನ್ನೇನೂ ಬೇಕಿರಲಿಲ್ಲ. ಅಷ್ಟರಲ್ಲಿ ಬೀಗರು ಪರೀಕ್ಷೆ ಏನಾಯಿತೆಂದು ಕೇಳಿದರು. ಬೇಡವೆಂದು ಕಣ್ಣಲ್ಲೇ ಬೇಡಿಕೊಂಡರೂ ಹೆಂಡತಿ ಒಂದಕ್ಷರ ಬಿಡದೆ ಹೇಳಿದಳು. ಬೀಗರು, ಬೀಗಿತ್ತಿ, ಸೊಸೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮನೆಯಲ್ಲಿ ನನ್ನ ಮೇಲೆ ಗೌರವ ಉಳಿದದ್ದು ಒಬ್ಬಳಿಗೆ ಮಾತ್ರ. ಅವಳು ನನ್ನ ಕೈಯಲ್ಲಿ ನಿದ್ದೆ ಮಾಡುತ್ತಿದ್ದಳು.