ಕ್ಯಾಲ್ಸಿಯಂ ಕಾರ್ಬೋನೇಟ್, ಇನ್ನೂರು ಗ್ರಾಂ

ಭಾನುವಾರ ಬೆಳಗ್ಗೆ ಆರೂವರೆಗೆ, ಕೊಚ್ಚಿಯ ಪಾಲಾರಿವಟ್ಟಂನ ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಯಜ್ಞನಾರಾಯಣರು ಮೊಣಕಾಲೂರಿ ತಮ್ಮ ಹನ್ನೊಂದನೆಯ ಟೊಮೆಟೊವನ್ನು ಎತ್ತಿ ತಳ ನೋಡಿದರು. ಕಪ್ಪು. ಮೊದಲ ಹತ್ತರ ತಳವೂ ಹಾಗೆಯೇ ಚಪ್ಪಟೆಯಾಗಿ, ಸೀದ ದೋಸೆಯ ಬಣ್ಣಕ್ಕೆ ತಿರುಗಿತ್ತು. ಹನ್ನೆರಡನೆಯದು ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಂಗಡಿಯಿಂದ ಅರ್ಧ ಕಿಲೋ ತಂದು ಸುಮ್ಮನಾಗುತ್ತಿದ್ದರು. ಆದರೆ ಯಜ್ಞನಾರಾಯಣರು ಏಲೂರಿನ ಗೊಬ್ಬರ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಹಿರಿಯ ರಸಾಯನತಜ್ಞರು. ಎರಡು ತಿಂಗಳ ಹಿಂದೆ ಏಳು ಸಸಿ ನೆಟ್ಟ ದಿನವೇ, "ಇನ್ನು ಈ ಮನೆಗೆ ಅಂಗಡಿಯ ಟೊಮೆಟೊ ಬರಕೂಡದು" ಎಂದು ಘೋಷಿಸಿದ್ದರು. ಅಂದಿನಿಂದ ಮನೆಯಲ್ಲಿ ಬರೀ ಹುಣಸೆಹುಳಿಯ ಸಾರು.

"ಬುಧವಾರ ತಿರುವನಂತಪುರದಿಂದ ವಿಜಯಶ್ರೀ ಚಿಕ್ಕಮ್ಮ ಬರ್ತಾರೆ," ಎಂದು ಹೆಂಡತಿ ರತ್ನ ಒಳಗಿನಿಂದ ನೆನಪಿಸಿದಳು. "ನಮ್ಮದೇ ಟೊಮೆಟೊದ ಸಾರು ಬಡಿಸ್ತೇವೆ ಅಂತ ಫೋನಿನಲ್ಲಿ ಹೇಳಿದ್ದು ನೀವು. ಎಂತ ಬಡಿಸುವುದು ಮಾರಾಯ್ರೆ, ಮೇಲಿನ ಅರ್ಧವಾ?"

"ಕ್ಯಾಲ್ಸಿಯಂ ಕೊರತೆ. ಸರಿಮಾಡ್ತೇನೆ."

"ನೀರಿನ ಕೊರತೆ ಅಲ್ಲವಾ? ಭಾನುವಾರ ಒಂದು ಬಕೆಟ್ ಸುರಿದರೆ, ಮತ್ತೆ ನೀವು ಈ ಕಡೆ ಬರುವುದು ಮುಂದಿನ ಭಾನುವಾರ."

"ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇದೆಲ್ಲ ಗೊತ್ತಾಗುವುದಿಲ್ಲ."

ಬ್ಯಾಂಕಿನಲ್ಲಿ ಕೆಲಸ ಮಾಡುವ ರತ್ನ ಸಾರಿಗೆ ಹುಣಸೆಹಣ್ಣು ನೆನೆಹಾಕಿದಳು.

ಮದ್ದು ಸಿಕ್ಕಿದ್ದು ಮೊಬೈಲಿನಲ್ಲಿ. ಗಡ್ಡ ಬಿಟ್ಟ ಒಬ್ಬ ಯುವಕ ಮೊಟ್ಟೆಯ ಚಿಪ್ಪನ್ನು ನುಣ್ಣಗೆ ಪುಡಿ ಮಾಡಿ ಗಿಡದ ಬುಡಕ್ಕೆ ಹಾಕಿ ಎನ್ನುತ್ತಿದ್ದ. ಇಂಥ ವಿಡಿಯೋ ನಂಬುವವರನ್ನು ಪ್ರಯೋಗಾಲಯದಲ್ಲಿ ದಿನವೂ ಗೇಲಿ ಮಾಡುವ ಯಜ್ಞನಾರಾಯಣರು ಅದನ್ನು ಎರಡು ಸಲ ನೋಡಿದರು. ಯುವಕ ಬಿಳಿ ಕೋಟು ಹಾಕಿದ್ದ, ಅಷ್ಟು ಸಾಕಾಯಿತು. ತೊಡಕು ಒಂದೇ. ಪುತ್ತೂರಿನಿಂದ ಬಂದು ನೆಲೆಸಿದ ಈ ಸಸ್ಯಾಹಾರಿ ಕುಟುಂಬದ ಹೊಸ್ತಿಲನ್ನು ಮೊಟ್ಟೆ ಇಂದಿನವರೆಗೆ ದಾಟಿರಲಿಲ್ಲ.

ಸೋಮವಾರ ರತ್ನ ಬ್ಯಾಂಕಿಗೆ ಹೊರಟ ಮೇಲೆ ಅವರು ರಜೆ ಹಾಕಿ, ಬಟ್ಟೆಯ ಚೀಲ ಹಿಡಿದು ಕೆಳಮನೆಯ ಮಲಯಾಳಿ ಅಕ್ಕ, ನಿಶಾ ಚೇಚಿಯ ಬಾಗಿಲು ತಟ್ಟಿದರು. ಒಂದು ವಾರದ ಚಿಪ್ಪು ಕೊಡುತ್ತಾ ಆಕೆ ಕೇಳಿದಳು, "ಸಾರ್ ಮುಟ್ಟ ಕಳಿಚ್ಚು ತುಡಙ್ಙಿಯೋ?"

ಮೊಟ್ಟೆ ತಿನ್ನಲು ಶುರುಮಾಡಿಲ್ಲ, ಇದು ವೈಜ್ಞಾನಿಕ ಉದ್ದೇಶಕ್ಕೆ ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸಿದರು. ನಿಶಾ ತಲೆದೂಗಿದಳು. ನಂಬಿದಂತೆ ಕಾಣಲಿಲ್ಲ.

ಪುಡಿ ಮಾಡಲು ಮನೆಯಲ್ಲಿದ್ದ ಸಾಧನ ಒಂದೇ, ರತ್ನಳ ಮಿಕ್ಸಿಯ ಚಟ್ನಿ ಜಾರ್. ಕೆಲಸ ಮುಗಿಸಿ ಅದನ್ನು ಮೂರು ಸಲ ತೊಳೆದರು. ಏಳು ಗಿಡಕ್ಕೂ ಒಂದೊಂದು ಚಮಚ ಹಾಕಿ, ಮಿಕ್ಕಿದ್ದನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ತುಂಬಿದರು. ಅಲ್ಲಿಗೆ ಬಿಟ್ಟಿದ್ದರೆ ಬಚಾವಾಗುತ್ತಿದ್ದರೇನೋ. ಆದರೆ ಚೀಟಿಯಿಲ್ಲದ ಬಾಟಲಿಯನ್ನು ಬಾಲ್ಕನಿಯ ಕಪಾಟಿನಲ್ಲಿ ಇಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದರು: "ಕ್ಯಾಲ್ಸಿಯಂ ಕಾರ್ಬೋನೇಟ್, ಇನ್ನೂರು ಗ್ರಾಂ." ಸಂಜೆ ರತ್ನ ಕೇಳಿದಾಗ ಲ್ಯಾಬಿನದು ಎಂದರು.

ಮಂಗಳವಾರ ಬೆಳಗ್ಗೆ ರತ್ನ ದೋಸೆ ಅಗಿಯುವುದನ್ನು ನಿಲ್ಲಿಸಿದಳು. "ಚಟ್ನಿಯಲ್ಲಿ ಎಂತದೋ ಕರಕರ ಅಂತದೆ."

"ಕಾಯಿ ತುರಿಯುವಾಗ ಗೆರಟೆಯೂ ಸೇರಿರಬೇಕು. ನಿನಗೆ ಯಾವಾಗಲೂ ಅವಸರ," ಎಂದು ತೀರ್ಪು ಕೊಟ್ಟ ಯಜ್ಞನಾರಾಯಣರು ತಮ್ಮ ದೋಸೆಗೆ ಸಕ್ಕರೆ ಹಾಕಿಕೊಂಡರು.

ಬುಧವಾರ ಚಿಕ್ಕಮ್ಮ ಬಂದರು, ಹುಣಸೆಹುಳಿಯ ಸಾರು ಉಂಡರು, ಟೊಮೆಟೊದ ಸುದ್ದಿ ಎತ್ತಲಿಲ್ಲ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಹೆಂಗಸು. ಗುರುವಾರ ಹೊರಡುವ ಮುಂಚೆ ಬಾಲ್ಕನಿಗೆ ಹೋದವರು ಬಾಟಲಿ ಹಿಡಿದುಕೊಂಡು ಒಳಗೆ ಬಂದರು.

"ಎಷ್ಟು ನಯ ಉಂಟು ಪುಡಿ. ಶನಿವಾರ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಮಂಡಲ ಬರೆಯಲಿಕ್ಕೆ ಇದು ಭಾರಿ ಒಳ್ಳೆಯದು."

"ತಗೊಂಡು ಹೋಗಿ ಚಿಕ್ಕಮ್ಮ," ಎಂದಳು ರತ್ನ. "ಇವರ ಲ್ಯಾಬಿನಲ್ಲಿ ಬೇಕಾದಷ್ಟು ಉಂಟು. ಅಲ್ಲವಾ ಮಾರಾಯ್ರೆ?"

ಯಜ್ಞನಾರಾಯಣರು "ಉಂಟು" ಎಂದರು. ದೇವರ ಪೀಠದ ಕೆಳಗೆ ನಿಶಾ ಚೇಚಿಯ ಒಂದು ವಾರದ ಆಮ್ಲೆಟ್ಟು ಹರಡಿಕೊಳ್ಳುವುದು ಅವರಿಗೆ ಆಗಲೇ ಕಾಣುತ್ತಿತ್ತು.

ಶುಕ್ರವಾರ, ಕಚೇರಿಯ ಕೆಲಸ ಎಂದು ಹೇಳಿ, ಬೆಳಗಿನ ರೈಲಿನಲ್ಲಿ ನಾಲ್ಕು ಗಂಟೆ ಕುಳಿತು ತಿರುವನಂತಪುರಕ್ಕೆ ಹೋದರು. ಬ್ಯಾಗಿನಲ್ಲಿ ಅಂಥದೇ ಬಾಟಲಿ, ಅಂಥದೇ ಚೀಟಿ, ಒಳಗೆ ಅಪ್ಪಟ ರಂಗೋಲಿ ಪುಡಿ. ಚಿಕ್ಕಮ್ಮ ಕಾಫಿ ತರಲು ಒಳಗೆ ಹೋದಾಗ ಬದಲಾಯಿಸುವುದು ಯೋಜನೆ.

ಚಿಕ್ಕಮ್ಮ ಕಾಫಿಯ ಲೋಟ ಹಿಡಿದೇ ಬಾಗಿಲು ತೆರೆದರು.

"ಬಾ. ನಿನ್ನೆ ರಾತ್ರಿಯೇ ಬರ್ತೀಯ ಅಂದುಕೊಂಡಿದ್ದೆ."

"ಪುಡಿ..."

"ಕರಿಬೇವಿನ ಬುಡದಲ್ಲಿ ಉಂಟು. ಮುಚ್ಚಳ ತೆಗೆದಾಗಲೇ ಮೊಟ್ಟೆಯ ವಾಸನೆ ಬಂತು. ಸುಣ್ಣಕಲ್ಲಿನ ಪುಡಿಯಲ್ಲಿ ಚಿಪ್ಪಿನ ಪೊರೆ ಇರ್ತದಾ? ಚೀಟಿ ಮಾತ್ರ ಚಂದ ಬರೆದಿದ್ದೀ."

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

"ಹೇಳುವುದು ನಿನ್ನ ಕೆಲಸ. ಆ ಚಿಪ್ಪು ಮಣ್ಣಿನಲ್ಲಿ ಕರಗಲಿಕ್ಕೆ ವರ್ಷ ಬೇಕು. ಮಣ್ಣು ಒಮ್ಮೆ ಒಣಗಿ ಒಮ್ಮೆ ನೆನೆದರೆ, ಇರುವ ಸುಣ್ಣವೂ ಕಾಯಿಗೆ ಏರುವುದಿಲ್ಲ. ದಿನಾ ಒಂದೊಂದು ಚೊಂಬು ನೀರು ಹಾಕು. ಇದನ್ನು ಎಂಟನೇ ಕ್ಲಾಸಿನವರಿಗೆ ಹೇಳ್ತಿದ್ದೆ." ಕಾಫಿ ಕೊಟ್ಟು ಕೇಳಿದರು, "ಅರೆದದ್ದು ಯಾವುದರಲ್ಲಿ?"

"ರತ್ನಳ ಚಟ್ನಿ ಜಾರಿನಲ್ಲಿ."

"ಅಂದಾಜಿತ್ತು. ಬುಧವಾರ ಚಟ್ನಿ ನಾನೂ ತಿಂದಿದ್ದೇನೆ." ಚಿಕ್ಕಮ್ಮ ಅಟ್ಟದ ಕಡೆ ಕೈ ತೋರಿಸಿದರು. "ಅಲ್ಲಿ ಸಣ್ಣ ಒರಳುಕಲ್ಲು ಉಂಟು. ಇಳಿಸು. ವಿಷಯ ಗೊತ್ತಾದ ಮೇಲೆ ರತ್ನ ಆ ಜಾರ್ ಮುಟ್ಟುವುದಿಲ್ಲ."

ಹನ್ನೆರಡು ಕಿಲೋದ ಕಲ್ಲು ಸಂಜೆಯ ರೈಲಿನಲ್ಲಿ ಯಜ್ಞನಾರಾಯಣರ ತೊಡೆಯ ಮೇಲೆ ಕುಳಿತು ಪ್ರಯಾಣ ಮಾಡಿತು. ಅದರ ಕುಳಿಯೊಳಗೆ ಚಿಕ್ಕಮ್ಮ ಒಂದು ಕಿಲೋ ಟೊಮೆಟೊ ತುಂಬಿಸಿದ್ದರು. ಕೆಂಪಗೆ, ದುಂಡಗೆ, ತಳದಲ್ಲಿ ಒಂದು ಕಲೆಯೂ ಇಲ್ಲದವು. ತಿರುವನಂತಪುರದ ಚಾಲೈ ಪೇಟೆಯಲ್ಲಿ ಕೊಂಡವು.

ಬಾಗಿಲು ತೆರೆದ ರತ್ನ ಕಲ್ಲನ್ನೂ ಗಂಡನನ್ನೂ ನೋಡಿದಳು.

"ಎಂತ ಮಾರಾಯ್ರೆ, ಆಫೀಸಿನವರು ಕಲ್ಲು ಕೊಟ್ಟು ಕಳಿಸಿದರಾ?"

ಕಲ್ಲು ಇಳಿಸದೆ, ನಿಂತಲ್ಲೇ ಎಲ್ಲ ಹೇಳಿದರು. ಗೆರಟೆಯ ವಿಷಯವನ್ನೂ. ರತ್ನ ಹಳೆಯ ಪತ್ರಿಕೆಯಲ್ಲಿ ಜಾರನ್ನು ಸುತ್ತಿ ಕೆಳಗೆ ನಿಶಾ ಚೇಚಿಗೆ ಕೊಟ್ಟು ಬಂದಳು. ಆಮೇಲೆ ಕಲ್ಲು ಇಡಲು ಅಡುಗೆಮನೆಯ ಮೂಲೆ ತೋರಿಸಿದಳು.

ಹೊಸ ಜಾರ್ ಮುಂದಿನ ಗುರುವಾರ ಬರುತ್ತದೆ. ಅಲ್ಲಿಯವರೆಗೆ ಚಟ್ನಿ ಕಲ್ಲಿನಲ್ಲಿ, ಬೆಳಗ್ಗೆ ಆರೂವರೆಗೆ, ಗಿಡಗಳಿಗೆ ನೀರು ಹಾಕಿಯಾದ ಮೇಲೆ. ಎರಡೂ ಕೆಲಸ ಯಜ್ಞನಾರಾಯಣರದು.