ಮಾವನಿಗೆ ಕಡೆದ ಪೆನ್ನು

ನಮ್ಮ ಮಾವ ಪದ್ಮನಾಭರಾಯರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. "ಅಳಿಯಂದಿರಿಗೆ ತಲೆ ಇದೆ, ಕೈ ಇಲ್ಲ" ಎಂದು ಮದುವೆಮನೆಯಲ್ಲೇ ತೀರ್ಪು ಕೊಟ್ಟವರು. ಅವರು ಕಾಶಿಯಾತ್ರೆಗೆ ಬರುತ್ತಾರೆಂದು ತಿಳಿದ ದಿನವೇ ಶಪಥ ಮಾಡಿದೆ: ನನ್ನ ಕೈಯಾರೆ ಮರದ ಪೆನ್ನೊಂದನ್ನು ಕಡೆದು ಅವರ ಜೇಬಿಗೆ ಸಿಕ್ಕಿಸಿಯೇ ತೀರುತ್ತೇನೆ. ಭೌತಶಾಸ್ತ್ರದ ಪ್ರೊಫೆಸರನಿಗೆ ಒಂದು ಪೆನ್ನು ಯಾವ ಮಹಾ!

ಕಾಶಿಯ ಶಿವಾಲ ಬಡಾವಣೆಯ ನಮ್ಮ ಮನೆಯ ಬಾಲ್ಕನಿಗೆ, ಮರ ತಿರುಗಿಸಿ ಕಡೆಯುವ ಪುಟ್ಟ ಲೇತ್ ಯಂತ್ರ ಬಂತು. ಇನ್ನು ಮ್ಯಾಂಡ್ರೆಲ್ ಆರಿಸಬೇಕು. ಅಂದರೆ, ತೂತು ಕೊರೆದ ಮರದ ತುಂಡನ್ನು ಪೋಣಿಸಿ ತಿರುಗಿಸುವ ಉಕ್ಕಿನ ಸರಳು. ಗಿಡ್ಡದ್ದರಲ್ಲಿ ಪೆನ್ನಿನ ಎರಡು ತುಂಡುಗಳಲ್ಲಿ ಒಂದು ಮಾತ್ರ ಕೂರುತ್ತದೆ, ಉದ್ದದ್ದರಲ್ಲಿ ಎರಡೂ.

"ಗಿಡ್ಡದ್ದೇ ಸಾಕಲ್ಲ? ಉದ್ದದ್ದು ಬಳುಕುತ್ತೆ," ಎಂದಳು ಹೆಂಡತಿ ಶರಣ್ಯಾ.

"ಎರಡು ಸಲದ ಕೆಲಸ ಒಂದೇ ಸಲಕ್ಕೆ ಮುಗಿಯುತ್ತೆ ಕಣೇ," ಎಂದು ಉದ್ದದ್ದನ್ನೇ ತರಿಸಿದೆ.

ಲೇತ್ ಶುರುವಾದದ್ದೇ ಸರಳು ನಡುಗಿತು. ಸರಿಹೋಗಲೆಂದು ತುದಿಯ ನಟ್ಟು ಬಿಗಿದೆ. ಇನ್ನೂ ನಡುಗಿತು. ಸ್ಪ್ಯಾನರ್ ಹಿಡಿದು ಮತ್ತೂ ಬಿಗಿದೆ. ಈಗ ಬಾಲ್ಕನಿಯೇ ನಡುಗಿ, ಉಪ್ಪಿನಕಾಯಿ ಭರಣಿ ತಾನಾಗಿ ಕಂಬಿಯವರೆಗೆ ನಡೆದುಹೋಯಿತು. ಕೆಳಗಿನ ಮನೆಯಾಕೆ, "ಭೂಕಂಪ್ ಆಯಾ ಕ್ಯಾ, ಪ್ರೊಫೆಸರ್ ಸಾಬ್?" ಎಂದು ಕೇಳಿದಳು.

"ರೀ, ಅಷ್ಟು ಬಿಗಿದ್ರೆ ಸರಳು ಬಾಗದೆ ಇನ್ನೇನಾಗುತ್ತೆ? ಸ್ವಲ್ಪ ಸಡಿಲ ಬಿಡಿ," ಎಂದಳು ಶರಣ್ಯಾ.

"ಬಲ, ಒತ್ತಡ ಅಂತ ಪಾಠ ಮಾಡೋದು ನಾನೋ ನೀನೋ?"

"ನೀವೇ. ಆದ್ರೆ ಅದು ಸರಳಿಗೆ ಗೊತ್ತಿಲ್ವಲ್ಲ."

ಬಾಗಿದ ಸರಳಿನ ಮೇಲೆಯೇ ಪೆನ್ನು ಸಿದ್ಧವಾಯಿತು. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗೆ. ಬೋರ್ಡಿನ ಮೇಲೆ ಬರಿಗೈಯಲ್ಲೇ ವೃತ್ತ ಬರೆಯುತ್ತಿದ್ದ ಮಾವ, ಕಾಶಿಗೆ ಬಂದ ದಿನವೇ ಅದನ್ನು ಬೆರಳುಗಳ ನಡುವೆ ನಿಧಾನವಾಗಿ ಉರುಳಿಸಿದರು.

"ಬಹಳ ಚೆನ್ನಾಗಿದೆ ಅಳಿಯಂದಿರೇ," ಎಂದು ಜೇಬಿಗೆ ಸಿಕ್ಕಿಸಿಕೊಂಡರು. ನನಗೆ ಹಿಡಿಸಲಾರದಷ್ಟು ಸಂತೋಷ. ಶರಣ್ಯಾಳತ್ತ ಹುಬ್ಬು ಹಾರಿಸಿದೆ.

ಮರುದಿನ ಕೇದಾರ ಘಾಟಿನಲ್ಲಿ ಮಾವನ ಗಂಗಾಸ್ನಾನ ಮುಗಿಯಿತು. ಪುರೋಹಿತ ಶೇಷಗಿರಿ ಭಟ್ಟರು ಕೇಳಿದರು: "ರಾಯರೇ, ಕಾಶಿಗೆ ಬಂದವರು ತಮಗೆ ಪ್ರಿಯವಾದದ್ದೊಂದನ್ನು ಬಿಡಬೇಕು. ತಾವೇನು ಬಿಡ್ತೀರಿ?"

ಮಾವ ಮಡಿಸಿಟ್ಟಿದ್ದ ಜುಬ್ಬಾದಿಂದ ಪೆನ್ನು ತೆಗೆದು ಕಣ್ಣಿಗೊತ್ತಿಕೊಂಡರು. "ಅಳಿಯಂದಿರು ಕೈಯಾರೆ ಮಾಡಿದ್ದು. ಇದಕ್ಕಿಂತ ಪ್ರಿಯವಾದದ್ದು ನನಗೇನಿದೆ? ಇನ್ನು ಜನ್ಮದಲ್ಲಿ ಇದನ್ನು ಮುಟ್ಟೋದಿಲ್ಲ," ಎಂದು ನನ್ನ ಕೈಗೇ ಇಟ್ಟರು.

"ಅಪ್ಪಾ, ಹಾಗಲಕಾಯಿ ಬಿಡ್ತೀನಿ ಅಂತ ಫೋನಲ್ಲಿ ಅಂದಿದ್ದೆಯಲ್ಲ?" ಎಂದಳು ಶರಣ್ಯಾ.

"ಹಾಗಲಕಾಯಿ ಹೇಗೋ ನುಂಗಬಹುದು ಕಣಮ್ಮಾ."